ಮಾರ್ಥಾಳ ಹಣೆ

ನನ್ನದು ಅನುಮಾನದ ಬುದ್ಧಿ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂಲೆಯ ಡೇರಿಯಲ್ಲಿ ಹಾಲು ಕೊಂಡರೆ ಬಾಟಲಿಯ ಮೇಲಿನ ತಾರೀಕನ್ನು ಎರಡು ಸಲ ಓದುತ್ತೇನೆ. ಗಂಡ ಚಂದ್ರಹಾಸ ಸುಮ್ಮಸುಮ್ಮನೆ ಹೂ ತಂದರೆ “ಏನ್ ಮಾಡ್ಕೊಂಡ್ ಬಂದೆ?” ಅನ್ನುತ್ತೇನೆ. “ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಕಣೇ ಭಾನೂ” ಎಂದು ಅವನು ರೇಗಿಸುತ್ತಾನೆ. ರೇಗಿಸಲಿ, ನನಗೇನು. ಹಳೆಯ ತೈಲಚಿತ್ರಗಳ ಕೊಳೆ ತೆಗೆದು, ಬಿರುಕು ಮುಚ್ಚಿ, ಯಾವುದು ಮೂಲದ ಬಣ್ಣ, ಯಾವುದು ಆಮೇಲೆ ಯಾರೋ ಮೆತ್ತಿದ್ದು ಎಂದು ಹೇಳುವುದು ನನ್ನ ಕಸುಬು. ಮೈಸೂರಿನ ಕಲಾಶಾಲೆಯಲ್ಲಿ ಕಲಿತೆ, ಮೆಲ್ಬರ್ನ್‌ನಲ್ಲಿ ತರಬೇತಿ ಪಡೆದೆ, ಈಗ ಹ್ಯಾಮಿಲ್ಟನ್ನಿನ ರೊಟೊಟೂನದಲ್ಲಿ ನಮ್ಮ ಮನೆಯ ಗರಾಜನ್ನೇ ಸ್ಟುಡಿಯೋ ಮಾಡಿಕೊಂಡಿದ್ದೇನೆ. ಅನುಮಾನವೇ ನನಗೆ ಅನ್ನ ಹಾಕುತ್ತದೆ.

2015ರ ಆಗಸ್ಟ್ ಕೊನೆಯಲ್ಲಿ ವೆಲ್ಲಿಂಗ್ಟನ್ನಿನ ಒಂದು ಮ್ಯೂಸಿಯಂನಿಂದ ಮಾರ್ಥಾ ಬಂದಳು. ನಾಲ್ಕೂವರೆ ಅಡಿ ಎತ್ತರದ ಚಿತ್ರ. ಸಹಿ ಇಲ್ಲ, ತಾರೀಕಿಲ್ಲ. ಯಾವುದೋ ಕುರಿ ಫಾರ್ಮಿನ ಮನೆತನದವರು ಮೂರು ತಲೆಮಾರು ಊಟದ ಕೋಣೆಯಲ್ಲಿ ನೇತುಹಾಕಿ, ಚೆನ್ನಾಗಿ ಹೊಗೆ ಹಿಡಿಸಿ, ಕೊನೆಗೆ ದಾನ ಮಾಡಿದ್ದರು. ಇಟಲಿಯದು, ಬಹುಶಃ ಬೊಲೊನ್ಯಾ ಕಡೆಯದು, 1600ರ ಆಸುಪಾಸು ಎಂದು ಮ್ಯೂಸಿಯಂನ ಕ್ಯುರೇಟರ್ ಹೆಲೆನ್ ಊಹಿಸಿದ್ದಳು. ಬೈಬಲ್ಲಿನ ಮಾರ್ಥಾ ಎಂದರೆ, ಏಸು ಮನೆಗೆ ಬಂದಾಗ ತಂಗಿ ಹಾಯಾಗಿ ಕೂತು ಉಪದೇಶ ಕೇಳುತ್ತಿದ್ದರೆ ಒಬ್ಬಳೇ ಕೆಲಸದಲ್ಲಿ ಒದ್ದಾಡಿದ ಅಕ್ಕ. ಚಿತ್ರದಲ್ಲಿ ಅವಳ ಬಲಗೈಯಲ್ಲಿ ಒಂದು ಸೌಟಿದೆ.

ಅವಳನ್ನು ಕಂಡ ಮೊದಲ ದಿನವೇ ನನಗೆ ಅನುಮಾನ ಶುರುವಾಯಿತು. ಸೊಂಟದಿಂದ ಮೇಲೆ ಅವಳು ರಿನೈಸಾನ್ಸ್ ಮನೆಯ ಮಗಳು. ಉದ್ದ ಕತ್ತು, ಎಳೆ ಬೆಂಡೆಕಾಯಿಯಂಥ ಬೆರಳು, ಎಲ್ಲ ಕಡೆಯಿಂದ ಸಮನಾಗಿ ಬಿದ್ದ ತಣ್ಣನೆಯ ಬೆಳಕು, ಬೆವರು ಎಂದರೇನೆಂದೇ ಗೊತ್ತಿಲ್ಲದ ನುಣುಪು ಹಣೆ. ಸೊಂಟದಿಂದ ಕೆಳಗೆ ಕಾಲವೇ ಬೇರೆ. ಎಡಗಡೆಯ ಬಾಗಿಲಿನಿಂದ ಒಂದೇ ಒಂದು ಬೆಳಕು ನುಗ್ಗಿ ಸೆರಗಿನಂಥ ಬಟ್ಟೆಯ ಮೇಲೆ ಬಿದ್ದಿದೆ, ಉಳಿದದ್ದೆಲ್ಲ ಗವ್ವನೆಯ ಕತ್ತಲೆ. ಬರಿಗಾಲು, ಹಿಮ್ಮಡಿಯಲ್ಲಿ ಬಿರುಕು, ಉಗುರಿನ ಸಂದಿಯಲ್ಲಿ ಮಣ್ಣು. ಆ ಕೆಲವು ದಶಕಗಳಲ್ಲಿ ಇಟಲಿಯ ಕೆಲವು ಚಿತ್ರಕಾರರಿಗೆ ದೇವಲೋಕದ ಸುಂದರಿಯರು ಸಾಕಾಗಿದ್ದರು. ಬೀದಿಯ ಹೆಂಗಸರನ್ನೇ ಕರೆದು ನಿಲ್ಲಿಸಿ ಸಂತರೆಂದು ಬರೆಯತೊಡಗಿದರು. ಮುಂದೆ ಅದು ಬರೋಕ್ ಎಂಬ ಶೈಲಿಗೆ ದಾರಿ ಮಾಡಿತು. ಆದರೆ ಒಂದೇ ಚಿತ್ರದಲ್ಲಿ ಎರಡೂ ಹೇಗೆ? ಒಂದೇ ಕೈಯೋ, ಎರಡು ಕೈಯೋ? ಮುಖವನ್ನು ಆಮೇಲೆ ಯಾರಾದರೂ ‘ಚೆಂದ’ ಮಾಡಿದರೋ? ಹೆಲೆನ್‌ಗೆ ಬೇಕಾಗಿದ್ದದ್ದೂ ಇದೇ ಉತ್ತರ.

ಎರಡು ತಿಂಗಳು ಎಕ್ಸ್‌ರೇ ನೋಡಿದೆ, ಬಣ್ಣದ ಚೂರು ನೋಡಿದೆ, ಅಲ್ಟ್ರಾವಯಲೆಟ್ ದೀಪ ಹಿಡಿದು ನೋಡಿದೆ. ಆ ದೀಪದ ಕೆಳಗೆ ಹಳೆಯ ವಾರ್ನಿಷ್ ಮಂಜಿನ ಹಾಗೆ ಹೊಳೆಯುತ್ತದೆ, ಆಮೇಲೆ ಮೆತ್ತಿದ ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ. ಮಾರ್ಥಾಳ ಮುಖದಲ್ಲಿ ಏನೂ ಏಳಲಿಲ್ಲ. ಮೇಲೂ ಕೆಳಗೂ ಅದೇ ಕುಂಚ, ಅದೇ ಒತ್ತಡ. ಒಬ್ಬನೇ ಮನುಷ್ಯ, ಕೆಲಸದ ನಡುವೆ ಮನಸ್ಸು ಬದಲಾಯಿಸಿದ್ದ, ಅಷ್ಟೇ. ಹಾಗೆಂದು ಹೆಲೆನ್‌ಗೆ ಖಚಿತವಾಗಿ ಹೇಳಿದೆ.

ಚಿತ್ರದ ಚೌಕಟ್ಟಿನ ಕೆಲಸ ವಾಸುದೇವ್ ಅವರದು. ಮೈಸೂರಿನವರು, ಐವತ್ತನಾಲ್ಕು ವರ್ಷ. ಅಜ್ಜನ ಕಾಲದಿಂದ ಪಟಗಳಿಗೆ ಚಿನ್ನದ ರೇಕು ಕೂರಿಸುವ ಮನೆತನ. ಹೆಂಡತಿಗೆ ಆಕ್ಲೆಂಡಿನಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ ಜೊತೆಗೆ ಬಂದವರು, ಅಲ್ಲೇ ನ್ಯೂ ಲಿನ್‌ನ ಒಂದು ಫ್ರೇಮ್ ಅಂಗಡಿಯಲ್ಲಿದ್ದರು. “ರೇಕು ಹಿಡಿಯೋ ಕೈ ಮೇಡಂ, ಇಲ್ಲಿ ಪ್ಲಾಸ್ಟಿಕ್ ಪಟ್ಟಿ ಕೊಯ್ತಾ ಇದೆ” ಎಂದು ನಗುತ್ತಿದ್ದರು. ನಗುವಾಗ ಕಣ್ಣು ನಗುತ್ತಿರಲಿಲ್ಲ. ರಜೆಯ ದಿನ ತಮ್ಮ ಹಳೆಯ ಪಿಕಪ್ ಗಾಡಿ, ಇಲ್ಲಿಯವರ ಬಾಯಲ್ಲಿ ಯೂಟ್, ಓಡಿಸಿಕೊಂಡು ರೊಟೊಟೂನಕ್ಕೆ ಬಂದು ನನ್ನ ಕೆಲಸ ಮಾಡಿಕೊಡುತ್ತಿದ್ದರು. ಮೊದಲ ದಿನವೇ ಹೇಳಿದ್ದರು, “ಒಂದ್ ವಿಷ್ಯ ಮೇಡಂ. ಮೈಸೂರಲ್ಲಿ ಆರು ತಿಂಗಳು ಒಂದು ಅಂಗಡೀಲಿ ಹೊಸ ಪಟಕ್ಕೆ ಹೊಗೆ ಹಿಡಿಸಿ ಹಳೇದು ಮಾಡೋ ಕೆಲ್ಸ ಮಾಡಿದ್ದೀನಿ. ಪಾಪ ಅನ್ನಿಸ್ತು, ಬಿಟ್ಟೆ. ಬೇರೆಯವರಿಂದ ನಿಮ್ಗೆ ಗೊತ್ತಾಗೋದು ಬೇಡ ಅಂತ ಹೇಳ್ದೆ.” ನಾನು ತಲೆಯಾಡಿಸಿದೆ. ಆದರೆ ಅಂದಿನಿಂದ ಒಂದು ನಿಯಮ ಮಾಡಿದೆ: ಚಿತ್ರದ ಜೊತೆ ಅವರನ್ನು ಒಬ್ಬರನ್ನೇ ಬಿಡಬಾರದು.

ಆ ವರ್ಷ ಹೆಲೆನ್‌ಳ ಮ್ಯೂಸಿಯಂ ಚೌಕಟ್ಟುಗಳ ಕೆಲಸಕ್ಕೆ ಒಬ್ಬರನ್ನು ಕಾಯಂ ಆಗಿ ತೆಗೆದುಕೊಳ್ಳುವುದಿತ್ತು. ವಾಸುದೇವ್ ಅರ್ಜಿ ಹಾಕಿದರು. ಈ ದೇಶದಲ್ಲಿ ಅವರ ಕೈಗೆ ತಕ್ಕ ಕೆಲಸ ಅದೊಂದೇ, ಈ ವಯಸ್ಸಿನಲ್ಲಿ ಇನ್ನೊಮ್ಮೆ ಬರುವುದೂ ಅಲ್ಲ. ಅವರ ಪರವಾಗಿ ಮಾತಾಡಬಲ್ಲವಳು ಇಲ್ಲಿ ನಾನೊಬ್ಬಳೇ. “ನೀವ್ ಒಂದ್ ಮಾತು ಬರೆದ್ರೆ ಸಾಕು ಮೇಡಂ” ಅಂದಿದ್ದರು. ಬರೆಯುತ್ತೇನೆ ಅಂದಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಸ್ಟುಡಿಯೋದ ಕುಂಚ, ಚಾಕು, ಮೈಕ್ರೋಸ್ಕೋಪು, ಚಿತ್ರ ನಿಲ್ಲಿಸುವ ಈಸೆಲ್ಲು, ಹೊರಗೆ ಕಾರು, ವಾಸುದೇವ್ ಅವರ ಯೂಟು, ಎಲ್ಲಕ್ಕೂ ಕುಂಕುಮ, ಹೂವು. ಅಮ್ಮ ಕೈಯಾರೆ ಮಾಡಿ ಮೈಸೂರಿನಿಂದ ನನ್ನ ಕೈಯಲ್ಲೇ ಕೊಟ್ಟು ಕಳಿಸಿದ ಕುಂಕುಮ. ಆಕ್ಲೆಂಡ್ ಏರ್‌ಪೋರ್ಟ್‌ನಲ್ಲಿ ಹೊರಗಿನ ಬೀಜ, ಬೇರು ಒಳಗೆ ಬಿಡದ ಬಯೋಸೆಕ್ಯೂರಿಟಿಯವರು ಡಬ್ಬಿ ಬಿಚ್ಚಿ, ಮೂಸಿ, ನನ್ನ ಮುಖವನ್ನೂ ಮೂಸುವ ಹಾಗೆ ನೋಡಿ ಬಿಟ್ಟುಕೊಟ್ಟದ್ದು. “ಚಿತ್ರದ ಹತ್ರ ಮಾತ್ರ ಯಾರೂ ಹೋಗ್ಬಾರ್ದು” ಎಂದು ಬೆಳಗ್ಗೆಯೇ ಎಲ್ಲರಿಗೂ ಎಚ್ಚರಿಕೆ ಕೊಟ್ಟಿದ್ದೆ. ಚಂದ್ರಹಾಸ ಫೋನು ಹಿಡಿದು ವೀಡಿಯೋ ಮಾಡುತ್ತ ಹಿಂದೆ ಹಿಂದೆ ಬರುತ್ತಿದ್ದ. ಅವನಿಗೆ ಊರಿನ ವಾಟ್ಸಾಪ್ ಗುಂಪಿಗೆ ಕಳಿಸದಿದ್ದರೆ ಹಬ್ಬ ಹಬ್ಬವಲ್ಲ.

ಕುಂಕುಮ ಇಡುತ್ತಾ ಇಡುತ್ತಾ ಮೇಜಿನ ಕಡೆ ನೋಡಿದರೆ, ವಾಸುದೇವ್ ಅವರ ಅರಗಿನ ವಾರ್ನಿಷ್ ಡಬ್ಬಿ ಬಾಯಿ ತೆರೆದುಕೊಂಡು ಕೂತಿದೆ, ಚಿತ್ರದಿಂದ ಎರಡೇ ಅಡಿ ದೂರ. ನನಗೆ ಉರಿದುಹೋಯಿತು.

“ಮುಚ್ಚಳ ಯಾರು ಮುಚ್ತಾರೆ ವಾಸುದೇವ್? ನಿಮ್ಮ ತಾತ ಬರ್ತಾರಾ?”

“ಮುಚ್ತೀನಿ ಮೇಡಂ. ಹಬ್ಬದ್ ದಿವ್ಸ ಬೈಬೇಡಿ.”

“ಹಬ್ಬ ಇದ್ರೇನು? ಒಂದು ತೊಟ್ಟು ಸಿಡಿದ್ರೆ ನಾನೂರು ವರ್ಷದ ಚಿತ್ರ ಹೋಯ್ತು!” ಇನ್ನೂ ಏನೇನೋ ಅಂದೆ. ಅಷ್ಟರಲ್ಲಿ ಮಗಳು ಪೂರ್ವಿ ಒಳಗಿನಿಂದ “ಅಮ್ಮಾ, ಪಾಯಸ ಈಸ್ ಬರ್ನಿಂಗ್!” ಎಂದು ಕೂಗಿದಳು. ನಾನೂ ಚಂದ್ರಹಾಸನೂ ಅಡುಗೆಮನೆಗೆ ಓಡಿದೆವು. ಹತ್ತು ನಿಮಿಷ ಬಿಟ್ಟು ಬಂದಾಗ ವಾಸುದೇವ್ ಕಸದ ಡಬ್ಬಿಯ ಮುಚ್ಚಳ ಮುಚ್ಚುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು. ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ನನ್ನ ನಿಯಮ ಮುರಿದಿತ್ತು, ಅದು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಒಂಬತ್ತು ದಿನದ ಮೇಲೆ ಕೊನೆಯ ಫೋಟೋ ತೆಗೆಯಲು ಶಟರ್ ಎಳೆದು, ಕತ್ತಲೆ ಮಾಡಿ, ಅಲ್ಟ್ರಾವಯಲೆಟ್ ದೀಪ ಹಾಕಿದೆ. ಮಾರ್ಥಾಳ ಹಣೆಯ ನಡುವೆ, ಬಿರುಕುಗಳ ಒಳಗೆ, ಹಸಿರು ಬೆರೆತ ಹಳದಿ ಹೊಳಪು! ಬೆರಳ ತುದಿಯಷ್ಟು ಜಾಗ. ಮಾಮೂಲಿ ಬೆಳಕಿನಲ್ಲಿ ನೋಡಿದರೆ ಏನೂ ಇಲ್ಲ. ಅಯ್ಯೋ ದೇವರೇ, ಸೆಪ್ಟೆಂಬರಿನ ಫೋಟೋದಲ್ಲಿ ಇದು ಇರಲಿಲ್ಲ. ನನ್ನ ಗರಾಜಿನಲ್ಲೇ, ನನ್ನ ಕಣ್ಣೆದುರೇ ಯಾರೋ ಮುಟ್ಟಿದ್ದಾರೆ.

ಯಾರೋ ಏನು, ಗೊತ್ತೇ ಇತ್ತಲ್ಲ. ಕಸದ ಡಬ್ಬಿ ತೆಗೆದು ಒಂದೊಂದೇ ಚೂರು ಹೊರಗೆ ಹಾಕಿದೆ. ತಳದಲ್ಲಿ ಒಂದು ಹತ್ತಿಯ ಕಡ್ಡಿ, ತುದಿ ಹಳದಿ. ದೀಪ ಹಿಡಿದೆ, ಅದೇ ಹೊಳಪು. ವಾಸುದೇವ್ ಅವರ ವಾರ್ನಿಷ್ ಡಬ್ಬಿಗೆ ಹಿಡಿದೆ. ಬೆಳ್ಳಿ ರೇಕು ಚಿನ್ನದ ಹಾಗೆ ಕಾಣಲಿ ಎಂದು ಹಳಬರು ಅರಗಿಗೆ ಅರಿಶಿನ ಬೆರೆಸಿ ಬಳಿಯುತ್ತಾರೆ. ಅವರೂ ಹಾಗೇ ಮಾಡುತ್ತಿದ್ದರು. ಅರಿಶಿನ ಆ ದೀಪಕ್ಕೆ ಹೊಳೆಯುತ್ತದೆ. ಡಬ್ಬಿ ಅದೇ ಹಸಿರು ಹಳದಿಯಲ್ಲಿ ಝಗ್ಗೆಂದಿತು. ಲೆಕ್ಕ ಸರಿಹೋಯಿತು: ತೊಟ್ಟು ಸಿಡಿದಿದೆ, ಇಲ್ಲವೇ ಮುಖಕ್ಕೆ ಹಳೇ ಕಾಂತಿ ಬರಿಸುವ ಹಳೇ ಚಾಳಿ ಎದ್ದಿದೆ, ಗುಟ್ಟಾಗಿ ಒರೆಸಿದ್ದಾರೆ. ನಾಯಿ ಬಾಲ ಡೊಂಕು ಅಂದುಕೊಂಡೆ. ಹಲ್ಲು ಕಚ್ಚಿ ಕಾದೆ.

ಅವರು ಮುಂದಿನ ವಾರ ಬಂದಾಗ ಕೂರಿಸಲೂ ಇಲ್ಲ.

“ಆವತ್ತು ನಾನು ಒಳಗೆ ಹೋದಾಗ ನೀವು ಮಾರ್ಥಾನ ಮುಟ್ಟಿದ್ರಿ.”

ಅವರು ಚಿತ್ರದ ಕಡೆ ನೋಡಿ, ನನ್ನ ಕಡೆ ನೋಡಿದರು. “ಹೌದು ಮೇಡಂ. ಒರೆಸ್ದೆ.”

“ನಿಮ್ಮ ವಾರ್ನಿಷ್ ಬಿತ್ತು. ಅಥವಾ ಬೇಕೂಂತ್ಲೇ ಹಚ್ಚಿದ್ರಿ. ಹೊಗೆ ಹಿಡಿಸಿ ಅಭ್ಯಾಸ ಇದ್ಯಲ್ಲ.”

ಅವರ ಮುಖ ಸಪ್ಪಗಾಯಿತು. ಮೇಜಿನ ಮೇಲಿದ್ದ ತಮ್ಮ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿದರು, ಡಬ್ಬಿಗೆ ಮುಚ್ಚಳ ಒತ್ತಿದರು. “ಆಯ್ತು ಮೇಡಂ. ನೀವ್ ತೀರ್ಮಾನ ಮಾಡಿದ್ದೀರ. ಬರ್ತೀನಿ.”

ನೋಡಿ, ಒಂದು ಮಾತು ವಾದ ಮಾಡಲಿಲ್ಲ. ತಪ್ಪಿಲ್ಲದವನು ಸುಮ್ಮನಿರುತ್ತಾನಾ? ಎಂದು ಚಂದ್ರಹಾಸನನ್ನು ಕೇಳಿದೆ. “ನೀನು ಬಾಯಿ ಹಾಕೋಕೆ ಬಿಟ್ಟಿದ್ರೆ ತಾನೇ” ಅಂದ. ಅವನ ಮೇಲೂ ಹರಿಹಾಯ್ದು, ಆ ದಿನವೇ ಹೆಲೆನ್‌ಗೆ ಬರೆದೆ: ವಾಸುದೇವ್ ಅವರ ಕೈಯಲ್ಲಿ ಕಲೆ ಇದೆ, ಆದರೆ ಮ್ಯೂಸಿಯಂನ ವಸ್ತುಗಳ ಜೊತೆ ಅವರನ್ನು ನಂಬಿ ಬಿಡಲಾಗದು, ಮಾರ್ಥಾಳ ಹಣೆಗೆ ಅವರಿಂದ ಕಲೆಯಾಗಿದೆ. ಹೆಲೆನ್ ವಂದನೆ ಹೇಳಿ, ಅವರ ಅರ್ಜಿಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ ಎಂದು ಉತ್ತರಿಸಿದಳು.

ನಾಲ್ಕೈದು ದಿನವಾದ ಮೇಲೆ ದೀಪಾವಳಿ. ಮೈಸೂರಿನಿಂದ ಅಮ್ಮನ ಫೋನು. ಎಣ್ಣೆಸ್ನಾನ ಆಯಿತಾ, ಏನು ಅಡುಗೆ ಎಂದೆಲ್ಲ ಮುಗಿದ ಮೇಲೆ ಅಮ್ಮ ಹೇಳಿದಳು, “ಮೊನ್ನೆ ನಿನ್ನ ತಮ್ಮ ಆಯುಧಪೂಜೆ ವೀಡಿಯೋ ತೋರ್ಸಿದ ಕಣೇ. ಎಷ್ಟ್ ಸಂತೋಷ ಆಯ್ತು ಗೊತ್ತಾ. ಅಲ್ಲಿದ್ರೂ ಪದ್ಧತಿ ಬಿಟ್ಟಿಲ್ಲ ನೀನು.”

“ಯಾವ ಪದ್ಧತಿ?”

“ಬೆರಳಲ್ಲಿ ಉಳಿದಿದ್ದು ಅನ್ನಪೂರ್ಣೆಗೆ ಇಟ್ಯಲ್ಲ. ಸೌಟು ಹಿಡ್ಕೊಂಡ್ ನಿಂತಿದಾಳೆ, ದೊಡ್ಡ ಪಟ. ಎಲ್ಲಿಂದ ತಂದ್ಯೇ ಅದನ್ನ?”

“ಆಮೇಲೆ ಹೇಳ್ತೀನಿ ಅಮ್ಮಾ” ಅಂದೆ.

ನಮ್ಮ ಮೈಸೂರಿನ ಮನೆಯ ಅಡುಗೆಕೋಣೆಯಲ್ಲಿ ಒಂದು ಅನ್ನಪೂರ್ಣೆಯ ಪಟವಿದೆ. ಆಯುಧಪೂಜೆಯ ದಿನ ಒನಕೆ, ಈಳಿಗೆಮಣೆ, ಅಪ್ಪನ ಸೈಕಲ್ಲು ಎಲ್ಲಕ್ಕೂ ಇಟ್ಟು, ಬೆರಳಿನಲ್ಲಿ ಉಳಿದ ಕುಂಕುಮವನ್ನು ಬಟ್ಟೆಗೆ ಒರೆಸದೆ ಅವಳ ಹಣೆಗೆ ಇಡಬೇಕು. ಆರು ವರ್ಷದವಳಿದ್ದಾಗಿನಿಂದ ಆ ಕೆಲಸ ನನ್ನದು. ಫೋನಿಟ್ಟು ಚಂದ್ರಹಾಸನ ಮೊಬೈಲು ಕಿತ್ತುಕೊಂಡು ವೀಡಿಯೋ ಹುಡುಕಿದೆ. ಇದ್ದೇ ಇತ್ತು, ಹಿಡಿದವನೂ ಗಮನಿಸಿರಲಿಲ್ಲ. ನಾನು ವಾಸುದೇವ್ ಅವರಿಗೆ ಬೈಯುತ್ತಿದ್ದೇನೆ, ಕಣ್ಣು ಅವರ ಡಬ್ಬಿಯ ಮೇಲಿದೆ. ಎಡಗೈಯಲ್ಲಿ ಬಟ್ಟಲು. ‘ನಿಮ್ಮ ತಾತ ಬರ್ತಾರಾ’ ಎಂದು ಬಾಯಿ ಅನ್ನುತ್ತಿರುವಾಗಲೇ ಬಲಗೈ ತನ್ನ ಪಾಡಿಗೆ ತಾನು ಮೇಲೆ ಹೋಗಿ, ಉಂಗುರ ಬೆರಳು ಮಾರ್ಥಾಳ ಹಣೆಗೆ ನಾಜೂಕಾಗಿ ಒಂದು ಕೆಂಪು ಬೊಟ್ಟು ಇಟ್ಟು ಇಳಿಯುತ್ತದೆ. ಹಿಂದೆ ನಿಂತ ವಾಸುದೇವ್ ಅವರ ಬಾಯಿ ತೆರೆದುಕೊಳ್ಳುತ್ತದೆ. ಅವರು ನೋಡಿದ್ದಾರೆ.

ಕುಂಕುಮ ಅಂದರೆ ಇನ್ನೇನು? ಅರಿಶಿನವೇ. ಅಮ್ಮ ಅರಿಶಿನದ ಕೊಂಬನ್ನು ನಿಂಬೆರಸ, ಬಿಳಿಗಾರದಲ್ಲಿ ನೆನೆಸಿ, ಒಣಗಿಸಿ, ಕುಟ್ಟಿ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಒದ್ದೆ ಹತ್ತಿಯಲ್ಲಿ ಒರೆಸಿದರೆ ಅದು ಮತ್ತೆ ಹಳದಿಗೆ ತಿರುಗುತ್ತದೆ. ಕಡ್ಡಿಯ ತುದಿ ಹಳದಿಯಾಗಿದ್ದು ಅದಕ್ಕೆ. ಮೆಲ್ಬರ್ನ್‌ನ ಓದು ಓದಿದವಳಿಗೆ ಅವರ ಡಬ್ಬಿಯ ಅರಿಶಿನ ಕಂಡಿತು, ನನ್ನ ಬಟ್ಟಲಿನದು ಕಾಣಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದ ಹಾಗಾಯಿತು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

ಮರುದಿನ ನ್ಯೂ ಲಿನ್‌ಗೆ ಕಾರು ಓಡಿಸಿದೆ. ವಾಸುದೇವ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಪಟ್ಟಿ ಕೊಯ್ಯುತ್ತಿದ್ದರು. ಯಂತ್ರ ನಿಲ್ಲಿಸಿ ಎದ್ದು ನಿಂತರು.

“ಬೊಟ್ಟು ಇಟ್ಟಿದ್ದು ನಾನು” ಅಂದೆ. “ನೀವು ನೋಡಿದ್ರಿ. ಯಾಕೆ ಹೇಳ್ಲಿಲ್ಲ ವಾಸುದೇವ್?”

“ಆವತ್ತೇ ಹೇಳೋಣ ಅಂದ್ಕೊಂಡೆ ಮೇಡಂ. ಹಬ್ಬದ್ ದಿವ್ಸ, ನಿಮ್ ಕೈಯಿಂದ್ಲೇ ಹಿಂಗಾಯ್ತು ಅಂದ್ರೆ ನೀವು ನೊಂದ್ಕೊಳ್ತೀರ. ಹಸಿ ಇದ್ದಾಗ್ಲೇ ತೆಗೆದ್ರೆ ಹೋಗುತ್ತೆ ಅಂತ ನೀವ್ ಮಾಡೋ ಹಾಗೇ ಹತ್ತಿಗೆ ಬಾಯಿ ನೀರು ಹಚ್ಚಿ ಮೆಲ್ಲಗೆ ಒರೆಸ್ದೆ. ಅದು ನನ್ ತಪ್ಪು, ಹೇಳ್ಬೇಕಿತ್ತು.”

“ಆಮೇಲೆ? ನಾನು ಅಷ್ಟು ಮಾತಾಡ್ದಾಗ?”

“ಆಮೇಲೆ ನೀವು ಕೇಳ್ಲಿಲ್ಲವಲ್ಲ ಮೇಡಂ” ಅಂದರು. ಸಿಟ್ಟಿರಲಿಲ್ಲ, ಅದೇ ಚುಚ್ಚಿತು. “ಯಾಕೆ ಒರೆಸಿದ್ರಿ ಅಂತ ಒಂದ್ ಸಲ ಕೇಳಿದ್ರೆ ಹೇಳ್ತಿದ್ದೆ. ನೀವೇ ಎಲ್ಲ ಹೇಳಿ ಮುಗಿಸಿದ್ರಿ.”

ಕೈ ಮುಗಿದೆ. ಕ್ಷಮಿಸಿ ಅಂದೆ. ಅವರು ಕ್ಷಮಿಸಿಬಿಟ್ಟರೆ ಇಲ್ಲಿಗೆ ಮುಗಿಯುತ್ತದೆ, ಹೆಲೆನ್‌ಗೆ ‘ಮತ್ತೊಮ್ಮೆ ಯೋಚಿಸಿ’ ಎಂದು ಮೆತ್ತಗೆ ಬರೆದರೆ ಸಾಕು ಎಂಬ ಆಸೆ ಒಳಗೆಲ್ಲೋ ಇತ್ತು. ಸುಳ್ಳೇಕೆ ಹೇಳಲಿ, ಇತ್ತು. ನಾನೂರು ವರ್ಷದ ಚಿತ್ರಕ್ಕೆ ಕುಂಕುಮ ಇಟ್ಟವಳಿಗೆ ಇನ್ನು ಯಾರು ಚಿತ್ರ ಕೊಡುತ್ತಾರೆ?

ವಾಸುದೇವ್ ಕೈಯ ಪ್ಲಾಸ್ಟಿಕ್ ಪುಡಿ ಕೊಡವಿಕೊಂಡರು. “ನನಗ್ ಹೇಳೋಕೆ ಇಷ್ಟ್ ದೂರ ಬಂದ್ರಾ ಮೇಡಂ? ನನಗ್ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳಿ.”

ನ್ಯೂ ಲಿನ್ ಸ್ಟೇಷನ್ ಹತ್ತಿರ ಕಾರು ನಿಲ್ಲಿಸಿ, ಎರಡು ರೈಲು ಹೋಗುವವರೆಗೆ ಸುಮ್ಮನೆ ಕೂತಿದ್ದೆ. ಆಮೇಲೆ ಹೆಲೆನ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕುಂಕುಮ ಎಂದರೇನು, ಅನ್ನಪೂರ್ಣೆ ಯಾರು, ನನ್ನ ಬಾಯಿ ಬೈಯುವಾಗ ಕೈ ಏನು ಮಾಡಿತು, ನನ್ನ ಪತ್ರ ಎಂಥ ಅನ್ಯಾಯದ್ದು, ಒಂದನ್ನೂ ಬಿಡಲಿಲ್ಲ. ವೀಡಿಯೋವನ್ನೂ ಕಳಿಸಿದೆ. ಹಣೆಯನ್ನು ನೋಡಲು ಒಬ್ಬರನ್ನು ಕಳಿಸುತ್ತೇನೆ ಅಂದಳು.

ವಾರದೊಳಗೆ ಮ್ಯೂಸಿಯಂನ ತಜ್ಞೆಯೊಬ್ಬಳು ಬಂದು ಮಾರ್ಥಾಳ ಹಣೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಳು. ಒರೆಸಿದ ಕೈ ಹಳೆಯ ವಾರ್ನಿಷ್‌ನ ಒಂದು ಕಣವನ್ನೂ ಕೀಳದೆ ಒರೆಸಿದೆ, ತಾನಾಗಿದ್ದರೂ ಇದಕ್ಕಿಂತ ಚೆನ್ನಾಗಿ ಮಾಡುತ್ತಿರಲಿಲ್ಲ ಎಂದು ಬರೆದಳು. ಇನ್ನುಳಿದ ಕೆಲಸ ವೆಲ್ಲಿಂಗ್ಟನ್ನಿನಲ್ಲೇ ಆಗಲಿ ಎಂದೂ ಬರೆದಳು. ಎರಡೂ ನ್ಯಾಯವೇ. ವಾಸುದೇವ್ ಅವರಿಗೆ ಸಂದರ್ಶನಕ್ಕೆ ಕರೆ ಬಂತೆಂದು ಆಮೇಲೆ ಚಂದ್ರಹಾಸನಿಂದ ಗೊತ್ತಾಯಿತು. ನನ್ನ ಮಾತಂತೂ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಮಾರ್ಚಿನಲ್ಲಿ ಮ್ಯೂಸಿಯಂನ ಬಿಳಿ ವ್ಯಾನು ಮಾರ್ಥಾಳನ್ನು ಕರೆದೊಯ್ಯಲು ನಮ್ಮ ಮನೆಯ ಮುಂದೆ ನಿಂತಿತು. ಇಳಿದವರು ವಾಸುದೇವ್. ಕತ್ತಿನಲ್ಲಿ ಮ್ಯೂಸಿಯಂನ ಕಾರ್ಡು, ಕೈಯಲ್ಲಿ ಒಂದು ಚೀಲ, ಒಂದು ಫಾರಂ.

“ಚೆನ್ನಾಗಿದ್ದೀರಾ ಮೇಡಂ? ಚಿತ್ರದ ಸ್ಥಿತಿ ಬರ್ಕೊಂಡು ತಗೊಂಡ್ ಹೋಗ್ಬೇಕು. ರೂಲ್ಸು.”

ಚೀಲದಿಂದ ಅಲ್ಟ್ರಾವಯಲೆಟ್ ದೀಪ ತೆಗೆದರು. ಅವರು ಕೇಳುವ ಮೊದಲೇ ನಾನು ಗರಾಜಿನ ಬಾಗಿಲು ಇಳಿಸಿ ಕತ್ತಲೆ ಮಾಡಿದೆ. ಅವಳ ಹಣೆಯ ಆ ಹಳದಿಯನ್ನು ಇನ್ನೊಮ್ಮೆ ಅವರ ಜೊತೆ ನಿಂತು ನೋಡುವ ಶಕ್ತಿ ನನಗಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಅಂಗುಲ ಅಂಗುಲ ಹುಡುಕುತ್ತಿದ್ದೆ.

“ಫಾರಂನಲ್ಲಿ ಒಂದ್ ಪ್ರಶ್ನೆ ಇದೆ ಮೇಡಂ” ಎಂದು ಕತ್ತಲೆಯಲ್ಲಿ ಅವರ ದನಿ ಕೇಳಿಸಿತು. “ನವೆಂಬರ್ ಪರೀಕ್ಷೆ ಆದ್ಮೇಲೆ ಚಿತ್ರಾನ ಯಾರಾದ್ರೂ ಮುಟ್ಟಿದ್ರಾ?”

“ಇಲ್ಲ” ಅಂದೆ.

ದೀಪ ಹತ್ತುತ್ತದೆಂದು ಕಾದೆ. ಚೀಲದ ಜಿಪ್ಪು ಎಳೆದ ಸದ್ದಾಯಿತು.

“ದೀಪ ಹಾಕಿ ನೋಡಲ್ವಾ ವಾಸುದೇವ್?”

“ಕೇಳ್ದೆನಲ್ಲ ಮೇಡಂ. ನೀವು ಹೇಳಿದ್ರಲ್ಲ. ಬಾಗ್ಲು ಎತ್ತಿ, ಕತ್ಲೇಲಿ ಬರೆಯೋಕಾಗಲ್ಲ.”

ಬಾಗಿಲು ಎತ್ತುವ ನೆಪದಲ್ಲಿ ಅವರಿಗೆ ಬೆನ್ನು ತಿರುಗಿಸಿ, ಬಿಕ್ಕಿ ಬಿಕ್ಕಿ ಅತ್ತೆ.